ನಲವತ್ತೊಂದನೆಯದು

ಶಾರ್ಜಾದ ಈ ನೆಲಮಾಳಿಗೆಯಲ್ಲಿ
ಅರವತ್ತನಾಲ್ಕು ಹಳೆಯ ಯಂತ್ರಗಳು,
ಯಾವುದೋ ಬ್ಯಾಂಕಿನವರು ಸಾಕೆನಿಸಿ ಕೊಟ್ಟವು.
ಹೊರಗೆ ನಡುರಾತ್ರಿಗೂ ಮೂವತ್ತೆಂಟು ಡಿಗ್ರಿ.
ಒಳಗೆ ನಾನು ಶಾಲು ಹೊದ್ದು
ಕೊಲ್ಲಿಯ ಉಬ್ಬರವಿಳಿತವನ್ನು
ಅರವತ್ತನಾಲ್ಕು ಪಾಲು ಮಾಡಿ ಹಂಚುತ್ತೇನೆ,
ಒಂದೊಂದಕ್ಕೆ ಒಂದೊಂದು ತುಂಡು ಸಮುದ್ರ.

ನಿಯಮ ಸರಳ.
ನಿನ್ನ ತುಂಡಿನ ಲೆಕ್ಕ ನೀನು ಮಾಡು,
ಪಕ್ಕದವನ ಎಲೆ ನೋಡಬೇಡ.
ಮುಗಿದಾಗ, ಅಂಚಿನಲ್ಲಿ ನೀರು ಎಷ್ಟು ಏರಿತೆಂದು
ನೆರೆಯವನಿಗೆ ಹೇಳಿ ಕಳಿಸು.
ಆಮೇಲೆ ನಿಲ್ಲು.
ಎಲ್ಲರೂ ಬಂದು ನಿಂತ ಮೇಲೆಯೇ
ಸಮುದ್ರಕ್ಕೆ ಮುಂದಿನ ನಿಮಿಷ.

ಡಾಕ್ಟರ್ ಹೆಸ್ಸಾ ತರಗತಿಯಲ್ಲಿ ಹೇಳುವುದು ಹೀಗೆ:
ರಂಜಾನಿನ ಸಂಜೆ, ಕೈಯಲ್ಲಿ ಖರ್ಜೂರ ಹಿಡಿದು
ಊರಿಗೆ ಊರೇ ಫಿರಂಗಿಗೆ ಕಾಯುವಂತೆ.
ಹುಡುಗರು ತಲೆಯಾಡಿಸುತ್ತಾರೆ.
ನನಗೆ ಒಪ್ಪಿಗೆಯಿಲ್ಲ.
ಫಿರಂಗಿ ಸೂರ್ಯನನ್ನು ನೋಡುತ್ತದೆ,
ಟ್ರಾಫಿಕ್‌ನಲ್ಲಿ ಸಿಕ್ಕವನನ್ನು ನೋಡುವುದಿಲ್ಲ.
ಇದು ನಮ್ಮ ಪಂಕ್ತಿಯ ಹಾಗೆ, ಮೇಡಂ:
ಹಲ್ಲಿಲ್ಲದ ಪರಮೇಶ್ವರಜ್ಜ
ಕೊನೆಯ ಹಪ್ಪಳದ ಚೂರನ್ನು ಮಜ್ಜಿಗೆಯಲ್ಲಿ ನೆನೆಸಿ
ನುಂಗುವ ತನಕ
ಕೈ ಒಣಗಿದರೂ ಏಳುವಂತಿಲ್ಲ ಯಾರೂ.
ಹೆಜ್ಜೆಯ ಬೆಲೆ ಕಟ್ಟುವಾಗ ಸರಾಸರಿಗೆ ಜಾಗವಿಲ್ಲ.
ಅತಿ ನಿಧಾನದವನ ಕೆಲಸ,
ಅತಿ ಹೆಚ್ಚು ಆಡಿದವನ ಮಾತು,
ಮತ್ತೆ, ಏನೂ ಮಾಡದೆ ನಿಂತದ್ದಕ್ಕೂ ಒಂದು ದರ.

ಅಜ್ಜ ಇಲ್ಲಿ ನಲವತ್ತೊಂದನೆಯದು.
ಪ್ರತಿ ಹೆಜ್ಜೆಗೂ ಅದೇ ಕೊನೆ.
ಅರವತ್ತಮೂರು ಯಂತ್ರಗಳು ಕೈ ಒಣಗಿಸಿಕೊಂಡು ಕೂತಿರುತ್ತವೆ,
ನಕ್ಷೆಯಲ್ಲಿ ಬಿಳಿಬಿಳಿ ಖಾಲಿ.
ನನ್ನ ಸಂಕೇತವನ್ನು ಬೈದೆ, ತಿದ್ದಿದೆ.
ಕೇಬಲ್ ಬದಲಿಸಿದೆ.
ಹೊರ್ಮುಜ್‌ನ ಇಕ್ಕಟ್ಟು ಅದರ ಪಾಲಿಗೆ ಬಂತೇನೋ ಎಂದು
ಬಹರೇನ್ ಕಡೆಯ ಆಳವಿಲ್ಲದ ನೀರು ಕೊಟ್ಟು ನೋಡಿದೆ.
ಹಗಲು ಪರೀಕ್ಷಿಸಿದರೆ ಎಲ್ಲರ ಜೊತೆ ಓಡುತ್ತದೆ,
ಸಾಧು ಮಗುವಿನ ಹಾಗೆ.
ಆದರೆ ಹಗಲು ವಿದ್ಯಾರ್ಥಿಗಳದ್ದು.
ನನ್ನ ಪಾಲಿಗೆ ರಾತ್ರಿ ಮಾತ್ರ.

ಮೂರನೆಯ ವಾರ, ರಾತ್ರಿ ಎರಡೂವರೆಗೆ
ಪರದೆ ಬಿಟ್ಟು ಎದ್ದು ಯಂತ್ರಗಳ ಸಾಲಿನಲ್ಲಿ ನಡೆದೆ.
ನಲವತ್ತೊಂದರ ಮುಂದೆ, ನೆಲದಿಂದ ತಂಪು ಉಗುಳುವ ಜಾಲರಿಯ ಮೇಲೆ
ಮಜ್ಜಿಗೆ ಪೆಟ್ಟಿಗೆಯ ರಟ್ಟು, ಬಿಡಿಸಿ ಹಾಸಿದ್ದು.
ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ.
ಕುರ್ಚಿಯಲ್ಲಿ ಕಾವಲಿನ ಡಂಬರ್ ಬಹಾದ್ದೂರ್,
ಎರಡು ಜೊತೆ ಕಾಲುಚೀಲ, ಮಂಡಿಗೆ ಸುತ್ತಿದ ಟವೆಲ್ಲು.

ದಡಬಡಿಸಿ ಎದ್ದ. ಹಿಂದಿಯಲ್ಲಿ ಕ್ಷಮೆ ಕೇಳಿದ.
ಬೆಳಿಗ್ಗೆ ದಿನವೂ ತೆಗೆದಿಡುತ್ತೇನೆ, ಮೇಡಂ.
ಕುರ್ಚಿ ಸರಿಸೋಣವೆಂದೆ.
ಬೇರೆಲ್ಲಿ ಕೂತರೂ ಬಾಗಿಲು ಕಾಣುವುದಿಲ್ಲ,
ಕ್ಯಾಮೆರಾಕ್ಕೆ ಅವನು ಕಾಣುವುದಿಲ್ಲ,
ಕಾಣದಿದ್ದರೆ ದಿನದ ಕೂಲಿ ಖೋತಾ.
ಆರಕ್ಕೆ ಬಸ್ಸು, ಸಜಾ ಕ್ಯಾಂಪಿಗೆ.
ಮೀನಿನ ಗೋದಾಮಿನ ಹುಡುಗ ಬೂಟು ಬಿಚ್ಚಿ ಬರುವ ತನಕ
ಬಸ್ಸು ಹೊರಡುವುದಿಲ್ಲವಂತೆ.
ಬೈಯುತ್ತೀರಾ ಅವನನ್ನು, ಎಂದೆ.
ಮೊದಮೊದಲು ಬೈದೆವು, ಎಂದ.
ಈಗ ಆ ಹೊತ್ತಿಗೆ ನಿದ್ದೆ ಮಾಡುತ್ತೇವೆ.

ರಟ್ಟಿನ ಒಂದು ಮೂಲೆಯನ್ನು ಚೂರು ಎತ್ತಿ
ಮತ್ತೆ ಬಿಟ್ಟೆ.
ಬಂದು ಕೂತು ಸಮುದ್ರವನ್ನು ಬೇರೆ ಥರ ಹರಿದೆ.
ನಲವತ್ತೊಂದಕ್ಕೆ ಒಂದು ಬೊಗಸೆ ಕಡಿಮೆ,
ಅಕ್ಕಪಕ್ಕದವಕ್ಕೆ ಒಂದೊಂದು ಹನಿ ಜಾಸ್ತಿ.
ನಾಲ್ಕು ಗಂಟೆಗೆ ನಕ್ಷೆಯ ಬಿಳಿ
ಉಗುರಿನ ಅಂಚಿನಷ್ಟಾಯಿತು.

ಪ್ರಬಂಧದಲ್ಲಿ ಬರೆದೆ:
ಹಂಚಿಕೆ ಅಸಮ; ಕಾರಣ, ಪರಿಸರದ ಉಷ್ಣತೆ.
ಹೆಸ್ಸಾ ಹಸಿರು ಶಾಯಿಯಲ್ಲಿ
ಅಂಚಿನಲ್ಲಿ ಕೇಳಿದ್ದಾರೆ:
ಯಾರ ಉಷ್ಣತೆ?
ಬಹುಶಃ ಬರವಣಿಗೆಯ ತಪ್ಪು. ಯಾವ ಎಂದಿರಬೇಕಿತ್ತು.
ಇನ್ನೂ ಉತ್ತರಿಸಿಲ್ಲ.